ಋತುಸ್ರಾವದ ಕಾರಣ

"ಕೆಟ್ಟ ರಕ್ತ ಹೋಗುತ್ತಿದೆ" ಎಂದು ಹೇಳಿ, ಮುಟ್ಟಾದ ಹೆಣ್ಣುಮಕ್ಕಳನ್ನು ಮೂರು ದಿನ ಹೊರಗೆ ಕೂರಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಆ ರಕ್ತವು ಎಲ್ಲಿಂದ, ಏತಕ್ಕೆ ಬರುತ್ತದೆಂಬುದನ್ನು ವಿಚಾರಿಸೋಣ.

ಅಂಡಾಶಯದಲ್ಲಿ ಅಂಡವು ಬಲಿಯುವಾಗ ಸ್ರವಿಸುವ ಈಸ್ಟ್ರೊಜೆನ್ ಎಂಬ ಹಾರ್ಮೋನಿನಿಂದ ಗರ್ಭಕೋಶದ ಒಳಪದರವು ದಪ್ಪವಾಗುತ್ತದೆ. ಅಂಡವು ಹೊರಬಿದ್ದ ಮೇಲೆ, ಅದನ್ನು ಹೊತ್ತಿದ್ದ ಕೋಶಿಕೆಯು ಹಳದಿ ಬಣ್ಣದ ಗ್ರಂಥಿಯಾಗಿ ಮಾರ್ಪಟ್ಟು ಪ್ರೊಜೆಸ್ಟರೋನ್ ಎಂಬ ಇನ್ನೊಂದು ಹಾರ್ಮೋನನ್ನು ಸ್ರವಿಸುತ್ತದೆ. ಪದರವು ನಿಂತಿರುವುದು ಇದರ ಬಲದಿಂದಲೇ. ಗರ್ಭ ನಿಲ್ಲದಿದ್ದರೆ ಸುಮಾರು 14 ದಿನಗಳಲ್ಲಿ ಆ ಗ್ರಂಥಿ ಬತ್ತುತ್ತದೆ.

ಆಮೇಲೆ ನಡೆಯುವುದನ್ನು ಅಮೆರಿಕದ ವಿಜ್ಞಾನಿ ಮಾರ್ಕೀ ಕಣ್ಣಾರೆ ಕಂಡನು, ಅದೂ ಕಣ್ಣಿನೊಳಗೇ! ರೀಸಸ್ ಕೋತಿಗಳ ಗರ್ಭಕೋಶದ ಪದರದ ಚೂರುಗಳನ್ನು ಅವುಗಳ ಕಣ್ಣಿನಲ್ಲಿ, ಪಾರದರ್ಶಕ ಪಟಲದ ಹಿಂದೆ ನೆಟ್ಟು, ಕಂಡುದನ್ನು 1940ರಲ್ಲಿ ಪ್ರಕಟಿಸಿದನು. ಸುರುಳಿ ಸುರುಳಿಯಾದ ಧಮನಿಗಳು ಬಿಗಿದುಕೊಂಡವು. ರಕ್ತ ದೊರೆಯದೆ ಪದರವು ಸೊರಗಿತು. ಬಿಗಿ ಸಡಿಲಿದಾಗ ರಕ್ತವು ಒಸರಿತು. ಗರ್ಭಕೋಶದಿಂದ ದೂರವಾಗಿದ್ದರೂ ಆ ಚೂರುಗಳು ಅದರೊಡನೆಯೇ ಸ್ರವಿಸಿದವು. ಎಂದ ಮೇಲೆ ಅಪ್ಪಣೆಯನ್ನು ತಂದುದು ರಕ್ತದಲ್ಲಿನ ಹಾರ್ಮೋನೇ ಸರಿ. ಹೊರಬೀಳುವುದೂ ಮೈಯಲ್ಲೆಲ್ಲ ಹರಿಯುವ ರಕ್ತವೇ, ಕಳಚಿದ ಪದರದೊಡನೆ ಬೆರೆತದ್ದು.

ಇಷ್ಟೊಂದು ವ್ಯಯವೇಕೆ? ಬಹುಪಾಲು ಸಸ್ತನಿಗಳಲ್ಲಿ ಭ್ರೂಣವು ಬಂದ ಬಳಿಕವೇ ಪದರವು ಅದಕ್ಕಾಗಿ ಮಾರ್ಪಡುತ್ತದೆ. ಮಾನವರಲ್ಲಿಯೂ ಕೆಲವು ಕೋತಿ, ಬಾವಲಿಗಳಲ್ಲಿಯೂ ಈ ಸಿದ್ಧತೆ ಪ್ರತಿ ಚಕ್ರದಲ್ಲಿ ಮುಂಚಿತವಾಗಿಯೇ ನಡೆಯುತ್ತದೆ. (ನಾಯಿಯ ಸ್ರಾವ ಬೇರೆ ಬಗೆಯದು.) ಆಳವಾಗಿ ಬೇರೂರುವ ಭ್ರೂಣದಿಂದ ತಾಯಿಗೆ ಇದು ರಕ್ಷೆಯೆಂದು ಹಲವು ವಿಜ್ಞಾನಿಗಳ ಮತ. ಹಾಗೆ ಮಾರ್ಪಟ್ಟ ಪದರವು ಮೊದಲಿನ ಸ್ಥಿತಿಗೆ ಮರಳಲಾರದು. ಅದು ಕಳಚಿ, ಹೊಸದು ಬೆಳೆಯಬೇಕು.