ರೀಲ್ಸ್ 30 ಸೆಕೆಂಡ್, ಕುದುರೆ 24 ಗಂಟೆ: ಕೆಲಸದ ಜೊತೆ ಕುದುರೆ ಸಾಕೋಕೆ ಆಗುತ್ತಾ? ಇಲ್ಲಿದೆ ಪೂರ್ತಿ ಲೆಕ್ಕ

ರಾತ್ರಿ ಅಂಗಡಿ ಬಾಗಿಲು ಹಾಕಿ ಫೋನ್ ಕೈಗೆತ್ತಿಕೊಂಡರೆ ಸಾಕು. ಕಪ್ಪು ಕನ್ನಡಕ ಹಾಕಿಕೊಂಡ ಹುಡುಗ, ಕೆಳಗೆ ಬಿಳಿ ಕುದುರೆ, ಹಿಂದೆ ಒಂದು ಸಿನಿಮಾ ಹಾಡು, ಪಕ್ಕದಲ್ಲಿ ಸಾವಿರಾರು ಲೈಕ್. ನೋಡಿದವರಿಗೆ 'ನಮ್ಮನೆ ಹಿಂದೂ ಜಾಗ ಇದೆಯಲ್ಲ, ನಾವೂ ಒಂದು ಕಟ್ಟೋಣ' ಅನ್ನಿಸದೇ ಇರದು. ಮಾರ್ವಾಡಿ, ಕಾಠಿಯಾವಾಡಿ ತಳಿಯ ಕುದುರೆ ತರುವ ಆಸೆ ಒಬ್ಬರಿಗಾದರೆ, ರೇಸಿನಿಂದ ನಿವೃತ್ತಿಯಾದ ಕುದುರೆ ಕಡಿಮೆ ಬೆಲೆಗೆ ಸಿಗುತ್ತದೆ ಅನ್ನೋ ಲೆಕ್ಕ ಇನ್ನೊಬ್ಬರದು.

ಆದರೆ ಬೆಳಗ್ಗೆ ಒಂಬತ್ತಕ್ಕೆ ಬ್ಯಾಂಕ್, ಆಸ್ಪತ್ರೆ, ಶಾಲೆ ಅಂತ ಹೊರಡಬೇಕಾದವರು, ದಿನಕ್ಕೆ ಹನ್ನೆರಡು ಗಂಟೆ ಗಲ್ಲಾಪೆಟ್ಟಿಗೆ ಮುಂದೆ ಕೂರುವವರು ಕುದುರೆಯನ್ನೂ ನೋಡಿಕೊಂಡು, ಮೇಲೆ ಇನ್‌ಸ್ಟಾಗ್ರಾಂ ಪೇಜನ್ನೂ ನಡೆಸೋಕೆ ಆಗುತ್ತಾ?

ಆಗುತ್ತೆ. ಆದರೆ ಒಂದು ಕ್ರಮ ಇದೆ. ಮೊದಲು ಕುದುರೆ, ಆಮೇಲೆ ಕೆಲಸ, ಕೊನೆಗೆ ಫೋನ್. ಈ ಕ್ರಮ ತಲೆಕೆಳಗಾದರೆ ಮೊದಲು ಪೆಟ್ಟು ತಿನ್ನುವುದು ಬಾಯಿ ಬಾರದ ಪ್ರಾಣಿ.

ಕಂಪನಿ ನಡೆಸುತ್ತಲೇ ಸವಾರಿ ಬಿಡದವರು

ಕೆಲಸದ ಜೊತೆ ಕುದುರೆಯನ್ನೂ ಉಳಿಸಿಕೊಂಡವರ ಪೈಕಿ ಜಗತ್ತಿನಲ್ಲಿ ದೊಡ್ಡ ಹೆಸರು ಜಪಾನಿನ ಹಿರೋಶಿ ಹೊಕೆಟ್ಸು ಅವರದು. 1941ರಲ್ಲಿ ಹುಟ್ಟಿದ ಇವರು 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕುದುರೆ ಜಿಗಿತ ಸ್ಪರ್ಧೆಗೆ ಇಳಿದಿದ್ದರು. ಆಮೇಲೆ ಓದು, ಉದ್ಯೋಗ. ಅಮೆರಿಕ ಮೂಲದ ವೈದ್ಯಕೀಯ ಕಂಪನಿಯೊಂದರ ಜಪಾನ್ ಘಟಕದ ಮುಖ್ಯಸ್ಥರ ಹುದ್ದೆವರೆಗೆ ಏರಿದರು. ಅಷ್ಟು ಜವಾಬ್ದಾರಿ ಇದ್ದರೂ ಬೆಳಗ್ಗೆ ಕಚೇರಿಗೆ ಹೋಗುವ ಮುಂಚೆ ಸವಾರಿ ಮಾಡುವುದನ್ನು ಬಿಡಲಿಲ್ಲ.

1988ರ ಸೋಲ್ ಒಲಿಂಪಿಕ್ಸ್‌ಗೆ ಅರ್ಹತೆ ಸಿಕ್ಕಿತ್ತು. ಆದರೆ ಕುದುರೆ ಕ್ವಾರಂಟೈನ್ ದಾಟಲಾಗದೆ ಅವಕಾಶ ತಪ್ಪಿತು. 2003ರಲ್ಲಿ ನಿವೃತ್ತಿಯಾದ ಮೇಲೆ ತರಬೇತಿಗೆಂದು ಜರ್ಮನಿಯ ಆಖೆನ್ ಊರಿಗೆ ಹೋದರು. 2008ರ ಬೀಜಿಂಗ್, 2012ರ ಲಂಡನ್, ಎರಡೂ ಒಲಿಂಪಿಕ್ಸ್‌ನಲ್ಲಿ 'ವಿಸ್ಪರ್' ಎಂಬ ಹೆಣ್ಣು ಕುದುರೆಯೊಂದಿಗೆ ಡ್ರೆಸಾಜ್ ಸ್ಪರ್ಧೆಯಲ್ಲಿ ಭಾಗವಹಿಸಿದರು. ಲಂಡನ್‌ನಲ್ಲಿ ಅವರ ವಯಸ್ಸು 71. ಮೊದಲ ಒಲಿಂಪಿಕ್ಸ್‌ಗೂ ಇದಕ್ಕೂ 48 ವರ್ಷಗಳ ಅಂತರ!

ಇದರಲ್ಲಿ ಕಲಿಯುವ ಪಾಠ ಎರಡು. ಒಂದು, ದಿನಾ ಬೆಳಗಿನ ಹೊತ್ತು ಕುದುರೆಗೆ ಮೀಸಲು. ಎರಡು, ಇದಕ್ಕೆ ಬೆಲೆ ತೆರಬೇಕಾಗುತ್ತದೆ. ಅವರು ಜರ್ಮನಿಯಲ್ಲಿದ್ದಾಗ ಹೆಂಡತಿ ಜಪಾನಿನಲ್ಲೇ ಇದ್ದರು.

ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಅವರ ಕಥೆ ನೋಡಿ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದವರು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ 'ಸೀನ್ಯೊರ್ ಮೆಡಿಕಾಟ್' ಕುದುರೆಯೊಂದಿಗೆ 23ನೇ ಸ್ಥಾನ ಪಡೆದರು. ಸವಾರಿಯೇ ಅವರ ಪೂರ್ಣಾವಧಿ ಕೆಲಸ. ಅಂಥವರ ಹಿಂದೆಯೂ ಪ್ರಾಯೋಜಕರು, ಕೋಚ್, ಪಶುವೈದ್ಯರು, ಕುದುರೆ ನೋಡಿಕೊಳ್ಳುವ ಸಿಬ್ಬಂದಿ ಇರುತ್ತಾರೆ. ಹಾಗಿರುವಾಗ ಉದ್ಯೋಗ ಇಟ್ಟುಕೊಂಡು 'ನಾನೊಬ್ಬನೇ ನೋಡ್ಕೋತೀನಿ' ಅನ್ನೋದು ನಡೆಯೋ ಮಾತಲ್ಲ.

ದನ ಸಾಕಿದ ಅನುಭವ ಇದ್ದರೆ ಸಾಕಾ?

ಸಾಲದು. ಇಲ್ಲೇ ಹೆಚ್ಚಿನವರು ಎಡವುವುದು.

ಹಸುವಿಗೆ ನಾಲ್ಕು ಕೋಣೆಯ ಹೊಟ್ಟೆ. ಬೆಳಗ್ಗೆ ಸಂಜೆ ಹೊಟ್ಟೆ ತುಂಬ ಹಾಕಿದರೆ ಮೆಲುಕು ಹಾಕುತ್ತಾ ಮಲಗುತ್ತದೆ. ಕುದುರೆಯದ್ದು ಒಂದೇ ಹೊಟ್ಟೆ. ಅದೂ ಸಣ್ಣದು, ಸುಮಾರು 8ರಿಂದ 15 ಲೀಟರ್ ಹಿಡಿಯುವಷ್ಟು. ಹೀಗಾಗಿ ಅದು ಹಗಲು ರಾತ್ರಿ ಸ್ವಲ್ಪ ಸ್ವಲ್ಪವೇ ಮೇಯುತ್ತಿರಬೇಕು. ಜೊತೆಗೆ, ಕುದುರೆ ವಾಂತಿ ಮಾಡಲಾರದು. ತಿಂದದ್ದು ಕೆಟ್ಟರೂ, ಜಾಸ್ತಿಯಾದರೂ ಹೊರಹಾಕುವ ದಾರಿ ಇಲ್ಲ.

ಮೇವಿನ ಲೆಕ್ಕ ಹೀಗಿದೆ. ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣ ಮೇವು ದಿನಕ್ಕೆ ಬೇಕು. 400 ಕೆ.ಜಿ. ಕುದುರೆಗೆ 6ರಿಂದ 8 ಕೆ.ಜಿ. ಅಂದರೆ ತಿಂಗಳಿಗೆ 180ರಿಂದ 240 ಕೆ.ಜಿ. ನಿಮ್ಮೂರಿನ ಹುಲ್ಲಿನ ದರ ಹಾಕಿ ನೀವೇ ಗುಣಿಸಿ ನೋಡಿ. ಕುಡಿಯೋಕೆ ದಿನಕ್ಕೆ 25ರಿಂದ 40 ಲೀಟರ್ ನೀರು, ಬೇಸಿಗೆಯಲ್ಲಿ ಇನ್ನೂ ಹೆಚ್ಚು.

ಬರೀ ಭತ್ತದ ಹುಲ್ಲಿನ ಮೇಲೆ ಬಿಟ್ಟರೆ ಪೋಷಣೆ ಸಾಲದು. ಒಳ್ಳೆ ಒಣಹುಲ್ಲು, ಹಸಿ ಮೇವು, ಅಳತೆಯಲ್ಲಿ ಕುದುರೆ ಮಸಾಲೆ ಸೊಪ್ಪು, ನೆನೆಸಿದ ಅಥವಾ ಬೇಯಿಸಿದ ಹುರುಳಿ, ಹೀಗೆ ಹೊಂದಿಸಬೇಕು.

ಫೀಡ್ ಅಂಗಡಿಯವರೂ ಗಮನಿಸಿ: ದನಕ್ಕೆಂದು ತಯಾರಾದ ಮೂಟೆಯನ್ನು 'ಎಲ್ಲಾ ಒಂದೇ' ಅಂತ ಕುದುರೆಗೆ ಕೊಡಬೇಡಿ. ಕೆಲವು ಪಶು ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಪದಾರ್ಥ ದನಕ್ಕೆ ಏನೂ ಮಾಡಲ್ಲ, ಕುದುರೆಯ ಹೃದಯಕ್ಕೆ ಮಾತ್ರ ವಿಷ.

ಕೆಲಸದ ದಿನದಲ್ಲಿ ಟೈಮ್ ಹೊಂದಿಸೋದು ಹೇಗೆ?

ಒಂಬತ್ತೂವರೆಗೆ ಕೆಲಸ ಶುರುವಾಗುವವರು ಹೀಗೆ ಮಾಡಿಕೊಳ್ಳಬಹುದು:

* ಬೆಳಗ್ಗೆ 5 ಗಂಟೆ: ಮೊದಲು ಲದ್ದಿ ನೋಡಿ. ರಾತ್ರಿ ಹಾಕಿದೆಯಾ, ಗಟ್ಟಿ ಇದೆಯಾ ಗಮನಿಸಿ. ಆಮೇಲೆ ನೀರು, ಸ್ವಲ್ಪ ಹುಲ್ಲು. ಗೊರಸಿನಲ್ಲಿ ಕಲ್ಲು, ಮೊಳೆ ಸಿಕ್ಕಿದೆಯಾ ನೋಡಿ ಸ್ವಚ್ಛ ಮಾಡಿ.
* 5.45ರಿಂದ 6.45: ಸವಾರಿ ಅಥವಾ ಹಗ್ಗ ಹಿಡಿದು ಓಡಾಟ. ಶುರುವಿನ ಹತ್ತು ನಿಮಿಷ, ಕೊನೆಯ ಹತ್ತು ನಿಮಿಷ ನಡಿಗೆ ಮಾತ್ರ.
* 7 ಗಂಟೆ: ಮೈ ಉಜ್ಜುವುದು, ಲಾಯ ಗುಡಿಸುವುದು. ಬೆವರು ಆರಿದ ಮೇಲೆ ಹುರುಳಿ.
* ಮಧ್ಯಾಹ್ನ: ಹುಲ್ಲು, ನೀರು. ಈ ಹೊತ್ತಿಗೆ ನೀವು ಇರಲ್ಲ, ಬೇರೆ ಯಾರಾದರೂ ಇರಲೇಬೇಕು.
* ಸಂಜೆ: ಬಯಲಲ್ಲಿ ಬಿಡುವುದು, ಮೇವು.
* ರಾತ್ರಿ ಮಲಗುವ ಮುಂಚೆ: ಕೊನೇ ಸಲ ಹುಲ್ಲು, ನೀರು, ಒಂದು ನೋಟ.

ಇದರಲ್ಲಿ ಭಾನುವಾರ ಇಲ್ಲ, ಹಬ್ಬ ಇಲ್ಲ. ಗೊರಸು ಕೊರೆದು ಲಾಳ ಬದಲಿಸೋಕೆ 6ರಿಂದ 8 ವಾರಕ್ಕೊಮ್ಮೆ ಲಾಳ ಕಟ್ಟುವವರು ಬರಬೇಕು. ವರ್ಷಕ್ಕೊಮ್ಮೆಯಾದರೂ ಹಲ್ಲು ತೋರಿಸಬೇಕು. ಜಂತುಹುಳುವಿನ ಔಷಧಿ, ಧನುರ್ವಾಯು ಲಸಿಕೆ ಮರೆಯುವಂತಿಲ್ಲ. ಕುದುರೆಗೆ ಧನುರ್ವಾಯು ಬೇಗ ತಗಲುತ್ತದೆ.

ಮಧ್ಯಾಹ್ನದ ಜವಾಬ್ದಾರಿ ಯಾರದ್ದು ಅಂತ ಮೊದಲೇ ತೀರ್ಮಾನ ಆಗಬೇಕು. ಸಂಬಳದ ಆಳೋ, ತಮ್ಮನೋ, ಪಕ್ಕದ ತೋಟದವರೋ, ಯಾರೇ ಆಗಲಿ, ಅವರಿಗೆ ಕುದುರೆ ಗೊತ್ತಿರಬೇಕು. ಮನೆಯವರನ್ನು ಕೇಳದೆ ಅವರ ತಲೆಗೆ ಕಟ್ಟಬೇಡಿ.

ಅರ್ಧ ಗಂಟೆಯೂ ಕಾಯಬಾರದ ಹೊತ್ತು

ಮೀಟಿಂಗ್‌ನಲ್ಲಿ ಇದ್ದೀರಿ, ಮನೆಯಿಂದ ಫೋನ್ ಬರುತ್ತೆ: 'ಕುದುರೆ ಮಲಗಿ ಹೊರಳಾಡ್ತಾ ಇದೆ'. ಇದನ್ನು 'ಆಟ ಆಡ್ತಿದೆ' ಅಂತ ಬಿಡಬೇಡಿ. ಕಾಲಿಕ್ ಅಥವಾ ಹೊಟ್ಟೆಶೂಲೆ ಇರಬಹುದು. ಕರುಳು ತಿರುಚಿಕೊಂಡಿದ್ದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ.

ಲಕ್ಷಣಗಳು: ಮತ್ತೆ ಮತ್ತೆ ಹೊಟ್ಟೆ ಕಡೆ ತಿರುಗಿ ನೋಡುವುದು, ಮುಂಗಾಲಿಂದ ನೆಲ ಕೆರೆಯುವುದು, ಮಲಗಿ ಏಳುವುದು, ಸುಮ್ಮನೆ ಬೆವರುವುದು, ಮೇವು ಬಿಡುವುದು, ಲದ್ದಿ ಹಾಕದಿರುವುದು.

ಮಾಡಬೇಕಾದ್ದು: ಮೇವು ತೆಗೆಯಿರಿ, ಕೂಡಲೇ ಪಶುವೈದ್ಯರಿಗೆ ಕರೆ ಮಾಡಿ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆ ಇದೆ. ಕುದುರೆ ಒಪ್ಪಿದರೆ ನಿಧಾನಕ್ಕೆ ನಡೆಸಿ. ದನಕ್ಕೆ ಗೊಟ್ಟ ಹಾಕುವ ಹಾಗೆ ಎಣ್ಣೆ, ಸೋಡಾ ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಹೋದರೆ ಇನ್ನೊಂದು ಅಪಾಯ.

ಕುದುರೆ ತರುವ ಮುಂಚೆಯೇ ನಿಮ್ಮ ತಾಲ್ಲೂಕಿನಲ್ಲಿ ಕುದುರೆ ನೋಡಿ ಅನುಭವ ಇರುವ ವೈದ್ಯರು ಯಾರು ಅಂತ ವಿಚಾರಿಸಿ, ನಂಬರ್ ಲಾಯದ ಗೋಡೆ ಮೇಲೆ ಬರೆದಿಡಿ.

ವಿಡಿಯೋ ಮಾಡುವವರು ಗಮನಿಸಿ

ಕುದುರೆಗೆ ಕಣ್ಣು ತಲೆಯ ಎರಡೂ ಪಕ್ಕದಲ್ಲಿವೆ. ಸುತ್ತಲೂ ಕಾಣುತ್ತದೆ, ಆದರೆ ನೇರ ಹಿಂದೆ ಮತ್ತು ಮೂಗಿನ ನೇರ ಮುಂದೆ ಕಾಣಲ್ಲ. ಒಳ್ಳೆ ಆ್ಯಂಗಲ್ ಸಿಗುತ್ತೆ ಅಂತ ಹಿಂದಿನಿಂದ ಹೋದರೆ ಒದೆ ಗ್ಯಾರಂಟಿ. ಡ್ರೋನ್, ಫ್ಲ್ಯಾಶ್, ಡಿಜೆ ಸದ್ದಿಗೆ ಬೆದರಿ ಓಡಿದರೆ ಸವಾರನಿಗೂ ರಸ್ತೆಯಲ್ಲಿರುವವರಿಗೂ ಅಪಾಯ.

* ಲಗಾಮು ಹಿಡಿದವರು ಫೋನ್ ಹಿಡಿಯಬಾರದು. ಶೂಟಿಂಗ್‌ಗೆ ಇನ್ನೊಬ್ಬರು ಇರಲಿ.
* ಹೆಲ್ಮೆಟ್ ಇಲ್ಲದೆ ಹತ್ತಬೇಡಿ. ನಿಮ್ಮನ್ನು ನೋಡಿ ಮಕ್ಕಳೂ ಹಾಗೇ ಮಾಡುತ್ತವೆ.
* ಡಾಂಬರು ರಸ್ತೆಯಲ್ಲಿ ದೌಡಾಯಿಸಬೇಡಿ. ಲಾಳ ಜಾರುತ್ತದೆ, ಕೀಲಿಗೆ ಪೆಟ್ಟು.
* ಸವಾರ, ಜೀನು ಸೇರಿ ಕುದುರೆ ತೂಕದ ಐದನೇ ಒಂದು ಪಾಲು ಮೀರದಿರಲಿ. 350 ಕೆ.ಜಿ. ಕುದುರೆಗೆ 70 ಕೆ.ಜಿ. ಇಬ್ಬರು ಕೂತು ವಿಡಿಯೋ ಮಾಡೋದು ಬೇಡ.
* ದಿನಾ ಶೂಟಿಂಗ್ ಬೇಡ. ವಾರಕ್ಕೊಂದು ದಿನ ಅರ್ಧ ಗಂಟೆ ತೆಗೆದರೆ ವಾರಕ್ಕಾಗುವಷ್ಟು ವಿಡಿಯೋ ಸಿಗುತ್ತದೆ.

ಕುಂಟುತ್ತಿರುವ, ಗಾಯವಾದ ಕುದುರೆಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ನೀವೇ ಹಾಕಿದ ವಿಡಿಯೋ ಅದಕ್ಕೆ ಸಾಕ್ಷಿಯಾಗಬಹುದು.

ಫಾಲೋವರ್ಸ್ ಜಾಸ್ತಿಯಾದ ಮೇಲೆ ಅಂಗಡಿಯವರು ಬರುತ್ತಾರೆ. 'ನಮ್ಮ ಬಟ್ಟೆ ಹಾಕ್ಕೊಂಡು ಒಂದು ರೀಲ್ಸ್ ಮಾಡಿ', 'ಎರಡು ಮೂಟೆ ಬೂಸಾ ಫ್ರೀ ಕೊಡ್ತೀವಿ' ಅಂತ. ತಪ್ಪೇನಿಲ್ಲ. ಆದರೆ ದುಡ್ಡು ಪಡೆದರೂ, ಸಾಮಾನು ಉಚಿತವಾಗಿ ಪಡೆದರೂ ಅದು ಜಾಹೀರಾತು ಅಂತ ಎದ್ದು ಕಾಣುವಂತೆ ಹಾಕಬೇಕು. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಇದರ ಮಾರ್ಗಸೂಚಿ ಕೊಟ್ಟಿದೆ. ಹ್ಯಾಷ್‌ಟ್ಯಾಗ್ ರಾಶಿಯೊಳಗೆ ಮುಚ್ಚಿಡುವಂತಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂ.ವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷ ರೂ.ವರೆಗೆ ದಂಡ ಹಾಕುವ ಅಧಿಕಾರ ಕಾನೂನಿನಲ್ಲಿದೆ. ಸರ್ಕಾರಿ ನೌಕರರಾದರೆ ಇಂಥ ಆದಾಯಕ್ಕೆ ಕೈಹಾಕುವ ಮುಂಚೆ ಇಲಾಖೆಯ ಅನುಮತಿ ಬೇಕಾ ಅಂತ ಮೇಲಧಿಕಾರಿಯನ್ನು ಕೇಳಿಕೊಳ್ಳಿ.

ದುಡ್ಡು ಕೊಡುವ ಮುಂಚೆ ಐದು ಪ್ರಶ್ನೆ

1. ಕುದುರೆ 25-30 ವರ್ಷ ಬದುಕುವ ಪ್ರಾಣಿ. ಆರು ವರ್ಷದ ರೇಸ್ ಕುದುರೆ ತಂದರೆ ಮುಂದಿನ ಇಪ್ಪತ್ತು ವರ್ಷ ಯಾರು ನೋಡ್ತಾರೆ? ಓಡೋದಕ್ಕೇ ಪಳಗಿದ ಕುದುರೆ ಹೊಸಬರ ಕೈಗೆ ಸಿಕ್ಕರೆ ಇಬ್ಬರಿಗೂ ಕಷ್ಟ.
2. ರಕ್ತಪರೀಕ್ಷೆ ಆಗಿದೆಯಾ? ಗ್ಲ್ಯಾಂಡರ್ಸ್ ಕಾಯಿಲೆ ಕುದುರೆಯಿಂದ ಮನುಷ್ಯರಿಗೂ ಹರಡುತ್ತದೆ, ಲಸಿಕೆ ಇಲ್ಲ.
3. ಓಡಾಡೋಕೆ ಬಯಲು ಇದೆಯಾ? ಶೆಡ್‌ನಲ್ಲೇ ಕಟ್ಟಿಹಾಕಿದರೆ ಕಾಲು, ಹೊಟ್ಟೆ ಎರಡೂ ಕೆಡುತ್ತವೆ.
4. ನೀವು ಊರಲ್ಲಿ ಇಲ್ಲದ ದಿನ ಯಾರು?
5. ವಿಡಿಯೋಗೆ ಒಂದು ಲೈಕೂ ಬರಲಿಲ್ಲ ಅಂದರೂ ಬೆಳಗ್ಗೆ ಐದಕ್ಕೆ ಏಳ್ತೀರಾ?

ಮೊದಲ ನಾಲ್ಕಕ್ಕೆ ಉತ್ತರ ಹೊಂದಿಸಿಕೊಳ್ಳಬಹುದು. ಐದನೆಯದಕ್ಕೆ 'ಇಲ್ಲ' ಅಂತ ಬಂದರೆ ಕೊಳ್ಳಬೇಡಿ. ಹತ್ತಿರದ ಸವಾರಿ ಶಾಲೆಗೆ ವಾರಕ್ಕೆರಡು ದಿನ ಹೋಗಿ ಕಲಿಯಿರಿ. ಸವಾರಿಯ ಖುಷಿಯೂ ಸಿಗುತ್ತದೆ, ಕೆಲಸಕ್ಕೂ ತೊಂದರೆ ಇಲ್ಲ. ಒಂದು ವರ್ಷ ಹಾಗೆ ಹೋದ ಮೇಲೂ ಆಸೆ ಉಳಿದಿದ್ದರೆ ಆಗ ಲಾಯ ಕಟ್ಟಿಸುವ ಮಾತಾಡಿ.