ಮುಯ್ಯಾಳಾಗಿ ದುಡಿಯುವ ಕಂಪ್ಯೂಟರ್

ಶಿಗ್ಗಾಂವ, ಸವಣೂರು, ಹಾನಗಲ್ ಕಡೆಯ ರೈತರಿಗೆ ‘ಮುಯ್ಯಾಳು’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದು ಒಬ್ಬರ ಗೋವಿನಜೋಳದ ಹೊಲದಲ್ಲಿ ನಾಲ್ಕು ಮನೆಯವರು ಸೇರಿ ಕಳೆ ತೆಗೆದರೆ, ನಾಳೆ ಆ ನಾಲ್ಕು ಮನೆಯವರ ಹೊಲಕ್ಕೆ ಇವರು ಹೋಗುತ್ತಾರೆ. ಕೂಲಿಯ ಮಾತೇ ಇಲ್ಲ. ಒಂದೇ ಮನೆಯವರು ದಿನಗಟ್ಟಲೆ ದುಡಿಯಬೇಕಾದ ಕೆಲಸ ಹೊತ್ತು ಮುಳುಗುವುದರೊಳಗೆ ಮುಗಿದಿರುತ್ತದೆ. ಆದರೆ ಈ ಪದ್ಧತಿಗೆ ಒಂದು ಷರತ್ತಿದೆ. ಬಂದ ಆಳು ಕಳೆಯ ಬದಲು ಬೆಳೆಯನ್ನೇ ಕಿತ್ತರೆ ನೆರವು ಹೋಗಿ ನಷ್ಟವಾಗುತ್ತದೆ.

ಇದೇ ಉಪಾಯವನ್ನು ವಿಜ್ಞಾನಿಗಳು ಮನೆಮನೆಯ ಕಂಪ್ಯೂಟರುಗಳಿಗೆ ಅನ್ವಯಿಸಿ ಕಾಲು ಶತಮಾನ ಮೀರಿದೆ. ಮನೆಯಲ್ಲಿರುವ ಕಂಪ್ಯೂಟರ್ ದಿನದ ಬಹುಪಾಲು ಹೊತ್ತು ಸುಮ್ಮನೆ ಕುಳಿತಿರುತ್ತದೆ. ಪತ್ರ ಟೈಪು ಮಾಡುವಾಗಲೂ ಅದರ ಶಕ್ತಿಯ ಅಲ್ಪ ಭಾಗವಷ್ಟೇ ಬಳಕೆಯಾಗುತ್ತದೆ. ಉಳಿದ ಶಕ್ತಿಯನ್ನು ಅಂತರಜಾಲದ ಮೂಲಕ ಒಟ್ಟುಗೂಡಿಸಿ ಒಂದು ದೊಡ್ಡ ಲೆಕ್ಕ ಮಾಡಿಸಿದರೆ ಹೇಗೆ? ಈ ಪ್ರಶ್ನೆಯಿಂದ ಹುಟ್ಟಿದ್ದೇ ಸ್ವಯಂಸೇವಾ ಗಣನೆ. ಹೊಲದ ಷರತ್ತು ಇಲ್ಲಿಯೂ ಇದೆ. ತಪ್ಪು ಲೆಕ್ಕ ಮಾಡುವ ಕಂಪ್ಯೂಟರ್ ಸುಮ್ಮನಿರುವ ಕಂಪ್ಯೂಟರಿಗಿಂತ ಕೆಟ್ಟದ್ದು.

ತೆನೆ ತೆನೆ ಕೂಡಿದರೆ

1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಎಂಬ ಅಮೆರಿಕದ ಪ್ರೋಗ್ರಾಮರ್ ‘ಗಿಂಪ್ಸ್’ ಎಂಬ ಯೋಜನೆ ಆರಂಭಿಸಿದರು. ಮರ್ಸೆನ್ ಅವಿಭಾಜ್ಯಗಳು ಎಂಬ ವಿಶೇಷ ಬಗೆಯ ಬೃಹತ್ ಸಂಖ್ಯೆಗಳನ್ನು ಹುಡುಕುವುದು ಅದರ ಉದ್ದೇಶ. ಲೋಕಕ್ಕೆ ಈ ವಿಚಾರ ತಿಳಿದದ್ದು ಮಾತ್ರ 1999ರ ಮೇ 17ರಂದು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರವು ‘ಸೆಟಿ ಅಟ್ ಹೋಮ್’ ಯೋಜನೆಯನ್ನು ಬಿಡುಗಡೆ ಮಾಡಿದಾಗ. ಪೋರ್ಟೊರಿಕೊದ ಅರೆಸಿಬೊ ರೇಡಿಯೋ ದೂರದರ್ಶಕ ಹಿಡಿದ ಆಕಾಶದ ಸದ್ದನ್ನು 107 ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಮನೆಮನೆಗೆ ಕಳಿಸಲಾಗುತ್ತಿತ್ತು. ಆ ಸದ್ದಿನೊಳಗೆ ಬೇರೆ ಲೋಕದ ಬುದ್ಧಿಜೀವಿಗಳ ಸುಳಿವೇನಾದರೂ ಇದೆಯೇ ಎಂದು ಕಂಪ್ಯೂಟರ್ ಹುಡುಕಬೇಕು. 50 ಲಕ್ಷಕ್ಕೂ ಹೆಚ್ಚು ಜನ ಕೈಜೋಡಿಸಿದರು. 2020ರ ಮಾರ್ಚ್ 31ರಂದು ಆ ಯೋಜನೆ ಕೆಲಸ ಹಂಚುವುದನ್ನು ನಿಲ್ಲಿಸಿತು. ಆದರೆ ಅದರ ರೂವಾರಿಗಳಲ್ಲಿ ಒಬ್ಬರಾದ ಡೇವಿಡ್ ಆಂಡರ್ಸನ್ ಕಟ್ಟಿದ ‘ಬೋಯಿಂಕ್’ ಎಂಬ ತಂತ್ರಾಂಶ ಉಳಿದುಕೊಂಡಿತು. ಬೇರೆ ಬೇರೆ ಯೋಜನೆಗಳಿಗೆ ಆಳು ಒದಗಿಸುವ ಮೇಸ್ತ್ರಿಯಂತೆ ಅದು ಕೆಲಸ ಮಾಡುತ್ತದೆ.

ಇನ್ನೊಂದು ಹೆಸರಾಂತ ಯೋಜನೆ ‘ಫೋಲ್ಡಿಂಗ್ ಅಟ್ ಹೋಮ್’. 2000ದ ಅಕ್ಟೋಬರಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಜಯ್ ಪಾಂಡೆ ಅವರ ತಂಡ ಇದನ್ನು ಆರಂಭಿಸಿತು. ದೇಹದ ಪ್ರೋಟೀನುಗಳು ಹೇಗೆ ಮಡಚಿಕೊಳ್ಳುತ್ತವೆ, ಮಡಿಕೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಇದು ಲೆಕ್ಕ ಹಾಕುತ್ತದೆ. ಈ ಶಾಸ್ತ್ರಕ್ಕೂ ಕರ್ನಾಟಕಕ್ಕೂ ಹಳೆಯ ನಂಟಿದೆ. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಬಾಗಬಲ್ಲದು, ಯಾವುದರಲ್ಲಿ ಬಾಗಲಾರದು ಎಂಬುದನ್ನು ತೋರಿಸುವ ನಕ್ಷೆಗೆ ಜಗತ್ತಿನಾದ್ಯಂತ ‘ರಾಮಚಂದ್ರನ್ ನಕ್ಷೆ’ ಎಂದೇ ಹೆಸರು. ಜಿ.ಎನ್. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ 1963ರಲ್ಲಿ ಸಹೋದ್ಯೋಗಿಗಳೊಂದಿಗೆ ಈ ನಕ್ಷೆ ಪ್ರಕಟಿಸಿದರು. ಮುಂದೆ ಬೆಂಗಳೂರಿಗೆ ಮರಳಿ ಅದೇ ಸಂಸ್ಥೆಯಲ್ಲಿ ಜೈವಿಕ ಅಣುಗಳ ಭೌತವಿಜ್ಞಾನಕ್ಕೆಂದೇ ಒಂದು ವಿಭಾಗ ಕಟ್ಟಿದರು.

ಕೋವಿಡ್ ಬಂದಾಗ ಫೋಲ್ಡಿಂಗ್ ಅಟ್ ಹೋಮ್‌ಗೆ ಜನ ಮುಗಿಬಿದ್ದರು. 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ಅದರ ಒಟ್ಟು ವೇಗ ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆ ಇಟ್ಟಷ್ಟು ಲೆಕ್ಕಗಳನ್ನು ದಾಟಿತು. ಆಗ ಜಗತ್ತಿನ ಅತಿ ವೇಗದ ಸೂಪರ್ ಕಂಪ್ಯೂಟರಿಗೂ ಅಷ್ಟು ಶಕ್ತಿ ಇರಲಿಲ್ಲ!

ಒಂದು ಅಂಕಿ ತಪ್ಪಿದರೆ

ಕಂಪ್ಯೂಟರ್ ಲೆಕ್ಕ ತಪ್ಪುವುದಿಲ್ಲ ಎಂಬುದು ಜನಜನಿತ ನಂಬಿಕೆ. 1994ರಲ್ಲಿ ಆ ನಂಬಿಕೆಗೆ ದೊಡ್ಡ ಪೆಟ್ಟು ಬಿತ್ತು. ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಿಭಾಜ್ಯ ಸಂಖ್ಯೆಗಳ ಲೆಕ್ಕ ಮಾಡುತ್ತಿದ್ದಾಗ ಉತ್ತರಗಳು ತಾಳೆಯಾಗಲಿಲ್ಲ. ತಿಂಗಳುಗಟ್ಟಲೆ ಹುಡುಕಿದ ಮೇಲೆ ತಪ್ಪು ತಮ್ಮದಲ್ಲ, ಇಂಟೆಲ್ ಕಂಪನಿಯ ಹೊಸ ಪೆಂಟಿಯಂ ಚಿಪ್ಪಿನದು ಎಂದು ಗೊತ್ತಾಯಿತು. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕು. ಆ ಚಿಪ್ಪು 1.33374 ಎಂದು ಹೇಳುತ್ತಿತ್ತು. ಕೊನೆಗೆ ಕಂಪನಿ ಚಿಪ್ಪುಗಳನ್ನು ಬದಲಿಸಿಕೊಡಬೇಕಾಯಿತು.

2016ರ ಜನವರಿಯಲ್ಲಿ ಇಂಥದೇ ಇನ್ನೊಂದು ಘಟನೆ ನಡೆಯಿತು. ಗಿಂಪ್ಸ್ ಸ್ವಯಂಸೇವಕರು ಬಳಸುವ ‘ಪ್ರೈಮ್95’ ತಂತ್ರಾಂಶ ಓಡಿಸಿದಾಗ ಕೆಲವು ಹೊಸ ಕಂಪ್ಯೂಟರುಗಳು ಸ್ತಬ್ಧವಾಗುತ್ತಿದ್ದವು. ತಮ್ಮ ಸ್ಕೈಲೇಕ್ ಚಿಪ್ಪುಗಳಲ್ಲಿ ದೋಷವಿರುವುದನ್ನು ಇಂಟೆಲ್ ಒಪ್ಪಿಕೊಂಡಿತು. ಮನೆಯಲ್ಲಿ ಕುಳಿತು ಲೆಕ್ಕಕ್ಕೆ ಕಂಪ್ಯೂಟರ್ ಎರವಲು ಕೊಟ್ಟವರು ಲೋಕವಿಖ್ಯಾತ ಕಂಪನಿಯ ತಪ್ಪನ್ನು ಹಿಡಿದಿದ್ದರು.

ಹೀಗಿರುವಾಗ ಅಪರಿಚಿತರ ಲಕ್ಷಾಂತರ ಕಂಪ್ಯೂಟರುಗಳು ಕೊಡುವ ಉತ್ತರವನ್ನು ನಂಬುವುದು ಹೇಗೆ? ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ಸರಳ. ಅನೇಕ ಯೋಜನೆಗಳಲ್ಲಿ ಒಂದೇ ಕೆಲಸವನ್ನು ಪರಸ್ಪರ ಗುರುತಿಲ್ಲದ ಇಬ್ಬರಿಗೆ ಕೊಡುತ್ತಾರೆ. ಎರಡೂ ಉತ್ತರ ಹೊಂದಿದರೆ ಸ್ವೀಕಾರ, ಹೊಂದದಿದ್ದರೆ ಮೂರನೆಯವರಿಗೆ ರವಾನೆ. 2010ರಲ್ಲಿ ‘ಐನ್‌ಸ್ಟೈನ್ ಅಟ್ ಹೋಮ್’ ಯೋಜನೆ ಸೆಕೆಂಡಿಗೆ ಸುಮಾರು 41 ಸುತ್ತು ತಿರುಗುವ ಹೊಸ ಪಲ್ಸಾರ್ ನಕ್ಷತ್ರವೊಂದನ್ನು ಪತ್ತೆ ಮಾಡಿದಾಗ ಅದರ ಕೀರ್ತಿ ಎರಡು ಕಂಪ್ಯೂಟರುಗಳಿಗೆ ಸಂದಿತು. ಒಂದು ಅಮೆರಿಕದ ಅಯೋವಾ ರಾಜ್ಯದ ದಂಪತಿಗಳದು, ಇನ್ನೊಂದು ಜರ್ಮನಿಯ ಮೈನ್ಜ್ ನಗರದ ಒಬ್ಬರದು.

ಬಿಸಿಲು, ದೂಳು, ಕರೆಂಟು

ಈಗ ಶಿಗ್ಗಾಂವದಂಥ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಬೋಯಿಂಕ್ ಹಾಕಿಕೊಂಡ ಕಂಪ್ಯೂಟರ್ ಒಂದು ವಾರ ಚೆನ್ನಾಗಿ ಓಡಿ, ಆಮೇಲೆ ‘ಗಣನೆಯಲ್ಲಿ ದೋಷ’ ಎಂದು ತೋರಿಸತೊಡಗಿದರೆ ಮೊದಲು ಅನುಮಾನಿಸಬೇಕಾದದ್ದು ಶಾಖವನ್ನು. ಮಾರ್ಚ್–ಏಪ್ರಿಲ್ ತಿಂಗಳಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಗಿಸುವ ಬಿಸಿಲೇ ಮನೆಯೊಳಗಿನ ಚಿಪ್ಪನ್ನೂ ಕಾಯಿಸುತ್ತದೆ. ಪತ್ರ ಟೈಪು ಮಾಡುವಾಗ ಚಿಪ್ಪು ಆಗಾಗ ದಣಿವಾರಿಸಿಕೊಳ್ಳುತ್ತದೆ, ಇಲ್ಲಿ ಹಾಗಿಲ್ಲ. ಹಗಲಿರುಳು ಪೂರ್ತಿ ದುಡಿತ. ಫ್ಯಾನಿನ ರೆಕ್ಕೆಗೆ, ಶಾಖ ಹೊರಹಾಕುವ ಲೋಹದ ಪಟ್ಟಿಗಳಿಗೆ ದೂಳು ಮೆತ್ತಿದ್ದರೆ ಚಿಪ್ಪು ತಾನಾಗಿಯೇ ವೇಗ ತಗ್ಗಿಸುತ್ತದೆ, ಇಲ್ಲವೇ ಕಂಪ್ಯೂಟರ್ ಆರಿಹೋಗುತ್ತದೆ. ಪೆಟ್ಟಿಗೆ ತೆರೆದು ದೂಳು ತೆಗೆಯುವುದು, ಗೋಡೆಯಿಂದ ಗೇಣು ದೂರ ಇಡುವುದು, ತಂತ್ರಾಂಶದಲ್ಲಿ ಎಲ್ಲ ಕೋರುಗಳ ಬದಲು ಅರ್ಧವನ್ನಷ್ಟೇ ಬಳಸುವಂತೆ ಹೇಳುವುದು ಮೊದಲ ಚಿಕಿತ್ಸೆ. ತಂಪಾದ ಮೇಲೂ ದೋಷ ಬಂದರೆ ಮೆಮೊರಿಯನ್ನು ಪರೀಕ್ಷಿಸಬೇಕು. ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಮಾಡಿಸಿ ತಾಳೆ ನೋಡುವ ಪರೀಕ್ಷೆ ಪ್ರೈಮ್95ರಲ್ಲೇ ಇದೆ.

ಎರಡನೆಯದು ಕರೆಂಟು. ನಡುವೆ ವಿದ್ಯುತ್ ಹೋದರೆ ಎಲ್ಲ ಕೆಲಸ ವ್ಯರ್ಥವೇ? ಇಲ್ಲ. ಹೆಚ್ಚಿನ ಯೋಜನೆಗಳು ಆಗಾಗ ‘ಇಲ್ಲಿಯವರೆಗೆ ಮುಗಿದಿದೆ’ ಎಂದು ಡಿಸ್ಕಿನಲ್ಲಿ ಗುರುತು ಬರೆದಿಡುತ್ತವೆ. ಕರೆಂಟು ಬಂದ ಮೇಲೆ ಅಲ್ಲಿಂದಲೇ ಮುಂದುವರಿಕೆ. ಆದರೆ ಕೆಲವು ಯೋಜನೆಗಳಲ್ಲಿ ಗುರುತುಗಳ ನಡುವಿನ ಅಂತರ ದೊಡ್ಡದು. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವಲ್ಲಿ ಅಂಥ ಕೆಲಸ ಬಾವಿಯ ಗೋಡೆ ಏರುವ ಕಪ್ಪೆಯಂತೆ ಏರಿದಷ್ಟೇ ಜಾರುತ್ತಿರುತ್ತದೆ. ಚಿಕ್ಕ ಕೆಲಸ ಕೊಡುವ ಯೋಜನೆ ಆರಿಸಿಕೊಳ್ಳುವುದೇ ಜಾಣತನ. ಇನ್ವರ್ಟರ್ ಇದ್ದ ಮನೆಯಲ್ಲಿ ಬೇರೆ ತೊಡಕು. ಲ್ಯಾಪ್‌ಟಾಪ್ ಆದರೆ ಬ್ಯಾಟರಿಗೆ ಬಂದದ್ದು ಬೋಯಿಂಕ್‌ಗೆ ತಿಳಿಯುತ್ತದೆ, ಅದು ಕೆಲಸ ನಿಲ್ಲಿಸುತ್ತದೆ. ಮೇಜಿನ ಕಂಪ್ಯೂಟರಿಗೆ ತಾನು ಇನ್ವರ್ಟರಿನ ಮೇಲೆ ಓಡುತ್ತಿರುವುದು ತಿಳಿಯುವುದೇ ಇಲ್ಲ. ದೀಪಕ್ಕೆಂದು ಇಟ್ಟ ಬ್ಯಾಟರಿಯನ್ನು ನಕ್ಷತ್ರಗಳ ಲೆಕ್ಕ ನುಂಗಿಬಿಡುತ್ತದೆ!

ಮೂರನೆಯದು ಯಾರೂ ಎಣಿಸದ ಕಾರಣ, ಗಡಿಯಾರ. ಹಳೆಯ ಕಂಪ್ಯೂಟರಿನೊಳಗೆ ಗುಂಡನೆಯ ಒಂದು ಪುಟ್ಟ ಸೆಲ್ ಇರುತ್ತದೆ. ಅದು ಸತ್ತರೆ ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರಿನ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದ ಕಂಪ್ಯೂಟರ್ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರಗಳನ್ನು ಒಪ್ಪುವುದಿಲ್ಲ. ಆಗ ಮುಗಿದ ಕೆಲಸ ಯೋಜನೆಯ ಕೇಂದ್ರಕ್ಕೆ ತಲುಪುವುದೇ ಇಲ್ಲ. ಅಂತರಜಾಲ ಸರಿ ಇಲ್ಲವೆಂದು ದೂರುವ ಮೊದಲು ಪರದೆಯ ಮೂಲೆಯ ತಾರೀಖನ್ನು ಒಮ್ಮೆ ನೋಡಬೇಕು. ಗಡಿಯಾರದ ಅಂಗಡಿಯಲ್ಲಿ ಸಿಗುವ ಅಗ್ಗದ ಸೆಲ್ಲಿನಿಂದ ಮುಗಿಯುವ ರಿಪೇರಿ ಅದು.

ಮೊಬೈಲಿನಲ್ಲಿಯೂ ಬೋಯಿಂಕ್ ಓಡುತ್ತದೆ. ಬೇಸಿಗೆಯಲ್ಲಿ ‘ಏನೂ ನಡೆಯುತ್ತಿಲ್ಲ’ ಎಂಬ ದೂರು ಬಂದರೆ ಅದು ಕೆಟ್ಟಿದೆ ಎಂದಲ್ಲ. ಫೋನು ಚಾರ್ಜಿಗೆ ಹಾಕಿರಬೇಕು, ಬ್ಯಾಟರಿ ಬಹುಪಾಲು ತುಂಬಿರಬೇಕು, ಅದರ ಶಾಖ ಮಿತಿ ಮೀರಿರಬಾರದು ಎಂಬ ನಿಯಮಗಳು ಅದರಲ್ಲಿ ಮೊದಲೇ ಇರುತ್ತವೆ. ಉರಿಬಿಸಿಲಿನ ಮಧ್ಯಾಹ್ನ ಅದು ಸುಮ್ಮನಿರುವುದು ಫೋನಿನ ಕ್ಷೇಮಕ್ಕಾಗಿಯೇ.

ತಪ್ಪು ಯಾರದು?

ಎಲ್ಲ ದೋಷವೂ ಮನೆಯದೇ ಎಂದು ತಿಳಿಯಬೇಕಾಗಿಲ್ಲ. 2006ರಲ್ಲಿ ಬಿ.ಬಿ.ಸಿ. ಜೊತೆಗೂಡಿ ನಡೆದ ಹವಾಮಾನ ಪ್ರಯೋಗದಲ್ಲಿ ಸಹಸ್ರಾರು ಜನ ತಮ್ಮ ಕಂಪ್ಯೂಟರಿನಲ್ಲಿ 1920ರಿಂದ ಮುಂದಿನ ಭೂಮಿಯ ಹವಾಮಾನವನ್ನು ಲೆಕ್ಕ ಹಾಕುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ ಸಂಘಟಕರೇ ತಪ್ಪೊಪ್ಪಿಕೊಂಡರು. ಬಿಸಿಲನ್ನು ತಡೆಯುವ ಗಂಧಕದ ಕಣಗಳಿಗೆ ಸಂಬಂಧಿಸಿದ ಒಂದು ಕಡತದಲ್ಲಿ ದೋಷವಿದ್ದು, ಲೆಕ್ಕದೊಳಗಿನ ಭೂಮಿ ಇರಬೇಕಾದದ್ದಕ್ಕಿಂತ ಹೆಚ್ಚು ಬಿಸಿಯಾಗುತ್ತಿತ್ತು. ವಾರಗಟ್ಟಲೆ ಓಡಿದ ಲೆಕ್ಕವನ್ನು ಮೊದಲಿನಿಂದ ಆರಂಭಿಸಬೇಕಾಯಿತು.

ಗಿಂಪ್ಸ್‌ನಲ್ಲಿ ನಡೆದದ್ದು ಇನ್ನೂ ಸೋಜಿಗದ್ದು. 2015ರ ಸೆಪ್ಟೆಂಬರ್ 17ರಂದು ಅಮೆರಿಕದ ಮಿಸೌರಿಯ ವಿಶ್ವವಿದ್ಯಾಲಯವೊಂದರ ಕಂಪ್ಯೂಟರ್ 2,23,38,618 ಅಂಕಿಗಳ ಅವಿಭಾಜ್ಯ ಸಂಖ್ಯೆಯನ್ನು ಕಂಡುಹಿಡಿದು ವರದಿ ಕಳಿಸಿತು. ಅಲ್ಲಿಯವರೆಗೆ ತಿಳಿದಿದ್ದ ಅವಿಭಾಜ್ಯಗಳಲ್ಲೆಲ್ಲ ದೊಡ್ಡದು ಅದು. ಆದರೆ ವರದಿ ಬಂದಾಗ ಮನುಷ್ಯರಿಗೆ ಸುದ್ದಿ ಮುಟ್ಟಿಸಬೇಕಿದ್ದ ಮಿಂಚಂಚೆ ದೋಷವೊಂದರಿಂದ ಹೊರಡಲೇ ಇಲ್ಲ. 2016ರ ಜನವರಿ 7ರಂದು ವಾಡಿಕೆಯ ತಪಾಸಣೆ ನಡೆದಾಗಲೇ ಅದು ಕಣ್ಣಿಗೆ ಬಿದ್ದದ್ದು. ಹೆಚ್ಚುಕಡಿಮೆ ನಾಲ್ಕು ತಿಂಗಳು ಆ ದಾಖಲೆ ಯಾರ ಗಮನಕ್ಕೂ ಬಾರದೆ ಬಿದ್ದಿತ್ತು.

ಆದ್ದರಿಂದ ದೋಷ ಹುಡುಕುವುದಕ್ಕೂ ಒಂದು ಕ್ರಮ ಬೇಕು. ಒಂದೇ ಒಂದು ಕೆಲಸ ಕೆಟ್ಟರೆ ಕಾಯಬೇಕು. ಅದೇ ಕೆಲಸ ಮಾಡಿದ ಜೊತೆಗಾರರಿಗೂ ಕೆಟ್ಟಿದೆಯೇ ಎಂಬುದನ್ನು ಬೋಯಿಂಕ್‌ನ ಅನೇಕ ಯೋಜನೆಗಳ ತಾಣದಲ್ಲಿ ನೋಡಬಹುದು. ಎಲ್ಲರಿಗೂ ಕೆಟ್ಟಿದ್ದರೆ ತಪ್ಪು ಕೆಲಸ ಕೊಟ್ಟವರದು. ಇವರೊಬ್ಬರಿಗೇ, ಅದೂ ಬೇರೆ ಬೇರೆ ಯೋಜನೆಗಳಲ್ಲಿ ಕೆಟ್ಟಿದ್ದರೆ ತಪ್ಪು ಕಂಪ್ಯೂಟರಿನದು. ಒಂದೇ ಯೋಜನೆಯಲ್ಲಿ ಮಾತ್ರವಾದರೆ ಆ ತಂತ್ರಾಂಶವನ್ನು ವೈರಸ್ ನಿರೋಧಕ ತಡೆದಿದೆಯೇ, ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಹಳತಾಗಿದೆಯೇ ಎಂದು ನೋಡಬೇಕು. ಕೆಲಸವೇ ಬರದಿದ್ದರೆ ಅಲ್ಲಿ ಹಂಚಲು ಕೆಲಸವಿಲ್ಲದಿರಬಹುದು. 2020ರ ಮಾರ್ಚಿನಲ್ಲಿ ಫೋಲ್ಡಿಂಗ್ ಅಟ್ ಹೋಮ್‌ನಲ್ಲಿ ಆಳು ಹೆಚ್ಚಾಗಿ ಕೆಲಸವೇ ಸಾಲದೆ ಹೋಗಿತ್ತು. ದೋಷವನ್ನು ಕಂಡೂ ಕಾಣದಂತೆ ಬಿಟ್ಟರೆ ಮಾತ್ರ ಕೇಂದ್ರವೇ ಆ ಕಂಪ್ಯೂಟರಿಗೆ ಕೊಡುವ ದಿನದ ಕೆಲಸವನ್ನು ಕಡಿಮೆ ಮಾಡುತ್ತ ಹೋಗುತ್ತದೆ. ಬೆಳೆ ಕಿತ್ತ ಆಳನ್ನು ಮರುದಿನ ಯಾರು ಕರೆದಾರು?

ಬಿಟ್ಟಿಯಲ್ಲದ ಸೇವೆ

ಸೇವೆ ಉಚಿತವಾದರೂ ಕರೆಂಟು ಉಚಿತವಲ್ಲ. ಕಂಪ್ಯೂಟರ್ ಈ ಕೆಲಸಕ್ಕೆಂದು 100 ವಾಟ್ ಹೆಚ್ಚು ಎಳೆದರೆ ದಿನವಿಡೀ ಓಡಿದಾಗ 2.4 ಯೂನಿಟ್, ತಿಂಗಳಿಗೆ 72 ಯೂನಿಟ್ ಆಗುತ್ತದೆ. 2023ರಲ್ಲಿ ರಾಜ್ಯ ಸರಕಾರ ಗೃಹಜ್ಯೋತಿ ಯೋಜನೆ ಆರಂಭಿಸಿದಾಗ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಶೇ 10ರಷ್ಟು ಸೇರಿಸಿ, 200 ಯೂನಿಟ್ ಮಿತಿಯೊಳಗೆ ಉಚಿತ ವಿದ್ಯುತ್ ಗೊತ್ತುಪಡಿಸಿತು. ಆ ಲೆಕ್ಕದಲ್ಲಿ ಸರಾಸರಿ 100 ಯೂನಿಟ್ಟಿನ ಮನೆಗೆ 110 ಯೂನಿಟ್ ಉಚಿತ. ಕಂಪ್ಯೂಟರಿನಿಂದ ಬಳಕೆ 172ಕ್ಕೆ ಏರಿದರೆ 62 ಯೂನಿಟ್ಟಿಗೆ ಹಣ ಕಟ್ಟಬೇಕು. ಸರಾಸರಿ 140 ಇದ್ದ ಮನೆಯಲ್ಲಾದರೆ ಒಟ್ಟು 212 ಆಗಿ ಪೂರ್ತಿ ಬಿಲ್ಲು ತಲೆಯ ಮೇಲೆ! ರಾತ್ರಿ ಎಂಟು ತಾಸು ಮಾತ್ರ ಓಡಿಸಿದರೆ ತಿಂಗಳಿಗೆ 24 ಯೂನಿಟ್ಟಿನಲ್ಲಿ ಮುಗಿಯುತ್ತದೆ, ಶಾಖದ ಕಾಟವೂ ಕಡಿಮೆ.

ಇನ್ನೊಂದು ಎಚ್ಚರಿಕೆ. ಕಚೇರಿಯ, ಶಾಲೆಯ ಕಂಪ್ಯೂಟರ್ ಸುಮ್ಮನೆ ಇದೆಯೆಂದು ಕೇಳದೆ ಇದನ್ನು ಹಾಕಬಾರದು. ಅಮೆರಿಕದ ಜಾರ್ಜಿಯಾದಲ್ಲಿ ಕಾಲೇಜಿನ ಕಂಪ್ಯೂಟರುಗಳಿಗೆ ಇಂಥ ತಂತ್ರಾಂಶ ಹಾಕಿದ ನೌಕರರೊಬ್ಬರು ಕ್ರಿಮಿನಲ್ ಮೊಕದ್ದಮೆ ಎದುರಿಸಬೇಕಾಯಿತು. 2002ರಲ್ಲಿ ಅದು ಹಣ ತೆತ್ತು, ಸಮುದಾಯ ಸೇವೆಯ ಷರತ್ತಿನೊಂದಿಗೆ ಮುಗಿಯಿತು. ಮುಯ್ಯಾಳಿಗೆ ಕಳಿಸಬೇಕಾದದ್ದು ತನ್ನ ಮನೆಯ ಆಳನ್ನೇ ಹೊರತು ಪಕ್ಕದ ಮನೆಯವರನ್ನಲ್ಲ.

ಹಾಗಾದರೆ ತಿರುಗಿ ಬರುವ ಮುಯ್ಯಿ ಯಾವುದು? ಫೋಲ್ಡಿಂಗ್ ಅಟ್ ಹೋಮ್ ಸ್ವಯಂಸೇವಕರ ಲೆಕ್ಕವನ್ನೂ ಬಳಸಿಕೊಂಡು ಕೋವಿಡ್‌ಗೆ ಔಷಧ ಹುಡುಕಿದ ‘ಕೋವಿಡ್ ಮೂನ್‌ಶಾಟ್’ ತಂಡ ತನ್ನ ಫಲಿತಾಂಶಗಳನ್ನು ಯಾರೂ ಬಳಸಬಹುದಾದಂತೆ ಬಹಿರಂಗವಾಗಿ ಇಟ್ಟಿತು. ಅದರ ವರದಿ 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಲೆಕ್ಕದಲ್ಲಿ ಯಾವ ಊರಿನ ಯಾವ ಕಂಪ್ಯೂಟರಿನ ಪಾಲು ಎಷ್ಟೆಂದು ಓದುಗರಿಗೆ ಕಾಣುವುದಿಲ್ಲ. ರಾಶಿಯಾದ ಮೇಲೆ ಯಾವ ತೆನೆ ಯಾರು ಕೊಯ್ದದ್ದೆಂದು ಯಾರೂ ಕೇಳುವುದಿಲ್ಲ. ಕಾಳು ಗಟ್ಟಿಯಾಗಿದೆಯೇ, ಜೊಳ್ಳೇ ಎಂಬುದಷ್ಟೇ ಪ್ರಶ್ನೆ. ಜೊಳ್ಳು ಸೇರದಂತೆ ನೋಡಿಕೊಳ್ಳುವ ಕೆಲಸ ಮಾತ್ರ ಫ್ಯಾನಿನ ದೂಳು ಒರೆಸುವಲ್ಲಿಂದಲೇ ಶುರುವಾಗುತ್ತದೆ.