ಗೋಪುರದ ನೆರಳಿನ ಬೀದಿ

ಅರಸೀಕೆರೆಯಲ್ಲಿ ರೈಲಿಳಿದವರನ್ನು ಊರು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುವುದಿಲ್ಲ. ತೆಂಗಿನಕಾಯಿ ಲಾರಿಗಳ ಸಂದಿಯಲ್ಲಿ ನುಸುಳಿ, ಬಸ್ಸು ಹತ್ತಿ ಹೊರಟುಬಿಡುತ್ತೇವೆ. 2023ರ ಆಗಸ್ಟ್ 6ರಂದು ಅಮೃತ ಭಾರತ ಯೋಜನೆಯಡಿ ಶಂಕುಸ್ಥಾಪನೆಯಾದ 508 ನಿಲ್ದಾಣಗಳಲ್ಲಿ ಅರಸೀಕೆರೆಯೂ ಒಂದು. ನಿಲ್ದಾಣಕ್ಕೆ ಹೊಸ ಮುಖ, ಸಂತೋಷ. ಅದರ ಹಿಂದಿನ ಓಣಿಗಳಲ್ಲಿ ಮಾತ್ರ ಹೊಸ್ತಿಲಿಗೂ ಚರಂಡಿಗೂ ನಡುವೆ ಇರುವುದು ಒಂದೇ ಚಪ್ಪಡಿ ಕಲ್ಲು.

ಬಾಣಾವರ, ಜಾವಗಲ್ ದಾಟಿದರೆ ಹಳೇಬೀಡು. ಹೆಸರಲ್ಲೇ ಹಳೆಯದಾದ ಊರಿದು. 1311ರಲ್ಲಿ ದೆಹಲಿಯ ಮಲಿಕ್ ಕಾಫರನ ದಂಡು ಬಂದು ಹೋದ, ಹೊಯ್ಸಳರ ರಾಜಧಾನಿ ದೋರಸಮುದ್ರದ ಮೇಲೆಯೇ ಇವತ್ತಿನವರು ಸಂಸಾರ ಹೂಡಿದ್ದಾರೆ. ಪಾಯಕ್ಕೆ ಗುದ್ದಲಿ ಹಾಕಿದರೆ ಮಣ್ಣಿಗಿಂತ ಮೊದಲು ಕಲ್ಲು ಮಾತಾಡುತ್ತದೆ. ಕೆತ್ತನೆಯ ಚೂರು ಸಿಕ್ಕಿತೆಂದರೆ ಹಿಗ್ಗುವುದೋ ಹೆದರುವುದೋ ಮನೆ ಕಟ್ಟುವವನಿಗೆ ತಿಳಿಯುವುದಿಲ್ಲ.

ಬೇಲೂರು ತಲುಪಿದಾಗ ಮಳೆ ಆಗಷ್ಟೇ ನಿಂತಿತ್ತು. ಚೆನ್ನಕೇಶವ ದೇವಸ್ಥಾನದ ಮುಂದೆ ಗೈಡುಗಳು, ಎಳನೀರು, ಶಾಲಾ ಮಕ್ಕಳ ಸಾಲು. ಪಕ್ಕದ ಬೀದಿಗೆ ತಿರುಗಿದರೆ ಸದ್ದೆಲ್ಲ ಅಡಗಿ, ಹೆಂಚಿನಿಂದ ತೊಟ್ಟಿಕ್ಕುವ ನೀರಿನದೊಂದೇ ಸದ್ದು. ಜಗುಲಿ, ಜಗುಲಿಯ ಮೇಲೆ ಮರದ ಕಂಬ, ಕಂಬದ ಬುಡಕ್ಕೆ ಗೆದ್ದಲು. ಒಂದು ಮನೆಯ ಗೋಡೆ ಹೊಟ್ಟೆ ಬಿಟ್ಟಿದೆ. ಇನ್ನೊಂದರ ಮಾಡಿಗೆ ನೀಲಿ ಟಾರ್ಪಾಲು, ಅದು ಹಾರದ ಹಾಗೆ ಹೇರಿದ ಕಲ್ಲುಗಳು. ಅಣ್ಣತಮ್ಮಂದಿರು ಪಾಲಾದ ಮನೆಯೊಂದರಲ್ಲಿ ನಡುಮನೆಯ ಮಧ್ಯಕ್ಕೇ ಗೋಡೆ ಎದ್ದಿದೆ. ಸ್ಮಾರಕದ ಪಕ್ಕ ಮನೆ ಮೇಲಕ್ಕೆ ಎತ್ತುವಂತಿಲ್ಲವಲ್ಲ, ಒಳಗೊಳಗೇ ಸೀಳಿಕೊಂಡಿದ್ದಾರೆ.

ಜಗುಲಿಯ ತುದಿಗೆ ಕೂರಲು ಹೋದ ನನ್ನನ್ನು ಅಜ್ಜಿಯೊಬ್ಬರು ತಡೆದರು. “ಈ ಕಡೆ ಬಾಪ್ಪ, ಅಲ್ಲಿ ಸೋರ್ತದೆ.”

ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರು ಕಟ್ಟಡಕ್ಕೆ ನಿಷೇಧಿತ, ಅದರಾಚೆಯ 200 ಮೀಟರು ನಿಯಂತ್ರಿತ. ಇದು 1992ರ ಜೂನ್‌ನ ಅಧಿಸೂಚನೆ. 2010ರಲ್ಲಿ ಸ್ಮಾರಕಗಳ ಕಾಯ್ದೆ ತಿದ್ದುಪಡಿಯಾಗಿ ಇನ್ನಷ್ಟು ಬಿಗಿಯಾಯಿತು. ಮೊದಲ ನೂರು ಮೀಟರಿನೊಳಗೆ ಹೊಸ ಮನೆ ಏಳುವಂತಿಲ್ಲ. ಅಧಿಸೂಚನೆಗಿಂತ ಹಳೆಯ ಮನೆಯನ್ನು ರಿಪೇರಿ ಮಾಡಿಕೊಳ್ಳಬಹುದು, ಆದರೆ ಅರ್ಜಿ ಹಾಕಿ ಅನುಮತಿ ಪಡೆದ ಮೇಲೆ. ಕಾನೂನು ತಪ್ಪೆನ್ನಲಾರೆ. ಅದಿಲ್ಲದಿದ್ದರೆ ಚೆನ್ನಕೇಶವನ ಬೆನ್ನಿಗೆ ನಾಲ್ಕಂತಸ್ತಿನ ಲಾಡ್ಜು ಎದ್ದಿರುತ್ತಿತ್ತು. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ಏರುತ್ತಿದ್ದುದೂ ಅನುಮಾನ. ಆದರೆ ಸೋರುವ ಮಾಡು ಅನುಮತಿ ಬರುವ ತನಕ ಕಾಯುವುದಿಲ್ಲ.

ಅಜ್ಜಿಯ ಜಗುಲಿಯಿಂದ ಕಾಣುವ ಗೋಪುರವನ್ನೇ ನೋಡಿ. 1117ರಲ್ಲಿ ವಿಷ್ಣುವರ್ಧನ ದೇವಾಲಯ ಕಟ್ಟಿಸಿದಾಗ ಇದ್ದದ್ದಲ್ಲ ಅದು. ಮಹಾದ್ವಾರ ಬೆಂಕಿಗೆ ಸುಟ್ಟ ಮೇಲೆ, 1397ರಲ್ಲಿ, ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕ ಗುಂಡ ಮತ್ತೆ ಎತ್ತಿಸಿದ್ದು. ನವರಂಗದೊಳಗೂ ಹರಿಹರನ ಕಾಲದಲ್ಲೇ ಊರೆಗೋಲಿನಂತೆ ನಾಲ್ಕು ಕಂಬ ನಿಲ್ಲಿಸಿದರು. ನಾವು ಕತ್ತೆತ್ತಿ ಬೆರಗಾಗುವ ಈ ಗುಡಿ ಕಾಲಕಾಲಕ್ಕೆ ರಿಪೇರಿ ಕಂಡದ್ದರಿಂದಲೇ ನಿಂತಿದೆ.

ಬೀದಿಯವರು ಕೇಳುವುದೂ ಅಷ್ಟೇ. ಅರಮನೆಯನ್ನೇನೂ ಅಲ್ಲ: ಜಂತೆ ಬದಲಿಸಬೇಕು, ಬಚ್ಚಲ ನೀರು ಬೀದಿಗೆ ಬರದಂತೆ ಒಳಚರಂಡಿ ಬೇಕು, ಮಗಳು ಬಾಣಂತನಕ್ಕೆ ಬಂದರೆ ಮಲಗಿಸಲು ಒಣಗಿದ ಒಂದು ಕೋಣೆ ಬೇಕು. ಮೇಲಕ್ಕೆ ಏರದೆ, ಹೆಂಚು ಜಗುಲಿಯ ಚಹರೆ ಕೆಡಿಸದೆ ಇದನ್ನೆಲ್ಲ ಮಾಡಬಹುದು. ಮನೆಗಳು ಬಿದ್ದು ಬೀದಿ ಬಯಲಾದರೆ ದೇವರ ತೇರು ಯಾರ ಮನೆ ಮುಂದೆ ನಿಲ್ಲಬೇಕು?

ಜಂತೆ, ಹೆಂಚು ಬದಲಿಸುವಷ್ಟಕ್ಕಾದರೂ ಅನುಮತಿ ಬೇಲೂರಿನಲ್ಲೇ, ಮುಂಗಾರಿಗೆ ಮೊದಲೇ ಕೈಗೆ ಸಿಗುವ ಹಾಗೆ ಮಾಡಿ, ಸ್ವಾಮಿ.